ಮೊಮ್ಮಗಳ ನೆಗಡಿ, ನನ್ನ ಕಂಪೌಂಡರಕಿ

ಅಂಗಿ ಕಿಸೆಯಲ್ಲಿ ಕೈ ಹಾಕಿದರೆ ಈಗೀಗ ನನ್ನ ಸಾಮಾನು ಒಂದೂ ಸಿಗುವುದಿಲ್ಲ ನೋಡ್ರಿ. ಮೊನ್ನೆ ಹಾಲಿನ ಡೇರಿ ಮುಂದೆ ಒಬ್ಬರು ಪೆನ್ನು ಕೇಳಿದರು. ನಾನು ದೊಡ್ಡ ಮನುಷ್ಯನ ಹಾಗೆ ಕಿಸೆಗೆ ಕೈ ಹಾಕಿ ತೆಗೆದರೆ ಹೊರಗೆ ಬಂದದ್ದು ಅಂಗೈ ಅಗಲದ ಗುಲಾಬಿ ಕರ್ಚೀಫು. ಒಂದು ಮೂಲೆಗೆ ಸೇಫ್ಟಿ ಪಿನ್ನು, ನಡುವೆ ಒಂದು ಬಾತುಕೋಳಿ. ಬಾತುಕೋಳಿಯ ಅರ್ಧ ಮೈ ಒಣಗಿ ಗಟ್ಟಿಯಾಗಿತ್ತು. ಯಾಕೆ ಗಟ್ಟಿಯಾಗಿತ್ತು ಅನ್ನುವುದನ್ನು ಸಣ್ಣ ಮಕ್ಕಳಿರುವ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೆನ್ನು ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿದು, "ಇರ್ಲಿ ಬಿಡ್ರಿ ಕಾಕಾ, ಬ್ಯಾರೆಯವ್ರ ಕಡೆ ಇಸಗೋತೀನಿ" ಅಂದರು.

ಈ ಕಿಸೆಯ ಮೇಲೆ ಜನರಿಗೆ ನಂಬಿಕೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಾನು ಮೂವತ್ತನಾಲ್ಕು ವರ್ಷ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ರಾಯಬಾಗ, ಕಾಗವಾಡ, ಅಥಣಿ ಎಲ್ಲ ತಿರುಗಿ, ಕೊನೆಗೆ ಸ್ವಂತ ಊರು ಏಕಸಂಬಿಗೇ ಬಂದು ನಿವೃತ್ತನಾದೆ. ಆಗ ಈ ಕಿಸೆಯಲ್ಲಿ ಎಮ್ಮೆಯ ಜ್ವರ ನೋಡುವ ಥರ್ಮಾಮೀಟರ್ ಇರುತ್ತಿತ್ತು. ಎಮ್ಮೆಯ ಜ್ವರ ನೋಡಲು ಅದನ್ನು ಎಲ್ಲಿ ಇಡುತ್ತಾರೆ ಅನ್ನುವುದು ಗೊತ್ತಿದ್ದವರು ನನ್ನ ಕಿಸೆಯೊಳಗಿನ ಪೆನ್ನನ್ನೂ ಮುಟ್ಟುತ್ತಿರಲಿಲ್ಲ.

ಕರ್ಚೀಫಿನ ಒಡತಿ ನನ್ನ ಮೊಮ್ಮಗಳು ಸಾನ್ವಿ. ಎರಡೂವರೆ ವರ್ಷದವಳು. ಅವಳ ಮೂಗು ಒರೆಸುವ ಕೆಲಸ ನನ್ನ ಪಾಲಿಗೆ ಹೇಗೆ ಬಂತು ಅನ್ನುವುದನ್ನು ಹೇಳಿಬಿಡುತ್ತೇನೆ. ಸೊಸೆ ಸವಿತಾಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ನೌಕರಿ ಸಿಕ್ಕಿತು. ನಿಪ್ಪಾಣಿ ಕಡೆಯ ಹುಡುಗಿ, ಮನೆಮಾತು ಮರಾಠಿ, ಜಗಳ ಬಂದರೆ ಎರಡೂ ಭಾಷೆಯಲ್ಲಿ ಸಮ. ಕಂಡಕ್ಟರ್ ಆಗಲು ಹುಟ್ಟಿದವಳು ಅಂತ ನಾನು ಆವಾಗಲೇ ಅಂದಿದ್ದೆ. ಆದೇಶ ಬಂದ ದಿನ ಕಾಗದ ಕೈಯಲ್ಲಿ ಹಿಡಿದುಕೊಂಡು ಅವಳು ಅಡಿಗೆಮನೆ ಬಾಗಿಲಲ್ಲಿ ನಿಂತುಬಿಟ್ಟಳು. ಮಗ ಪ್ರಕಾಶ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ. ಕಬ್ಬಿನ ಹಂಗಾಮು ಶುರುವಾದರೆ ಅವನು ಮನೆಗೆ ಬರುವುದು ನೆಂಟರು ಬಂದ ಹಾಗೆ. ಹಾಗಾದರೆ ಕೂಸನ್ನು ನೋಡುವವರು ಯಾರು?

ನಾನು ಹೆಂಡತಿ ಶಾಂತವ್ವನ ಮುಖ ನೋಡಿದೆ. ಅವಳು ಎಮ್ಮೆಗೆ ಹಿಂಡಿ ಕಲಸುತ್ತಿದ್ದವಳು ಕೈ ತೊಳೆಯದೇ ಹೊರಗೆ ಬಂದು ಹೇಳಿದಳು: "ನನ್ನ ಮಾರಿ ಯಾಕ ನೋಡ್ತೀರಿ? ಮೂರು ಮಕ್ಕಳ್ನ ದೊಡ್ಡವ್ರನ್ನ ಮಾಡೂಮುಂದ ನೀವು ಅಥಣಿ ಎಮ್ಮಿಗೋಳಿಗೆ ಎಣ್ಣಿ ಕುಡಿಸ್ಕೋಂತ ಕುಂತಿದ್ರಿ. ಹೊಲ ಐತಿ, ಎಮ್ಮಿ ಐತಿ, ನನಗ ಪುರಸೊತ್ತ ಎಲ್ಲೈತಿ? ಈಗ ನಿಮ್ಮ ಪಾಳಿ."

ಮಾತಿನಲ್ಲಿ ನ್ಯಾಯವಿತ್ತು. ನಾನು ಎದ್ದು ನಿಂತು ಸೊಸೆಗೆ, "ನೀ ಹೋಗವಾ. ನಾ ಅದೀನಿ" ಅಂದೆ. ಎರಡೇ ಮಾತು. ಆಡುವಾಗ ಹಗುರಾಗಿದ್ದವು.

ನಮ್ಮೂರಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಮಹಡಿಯ ಮೇಲೆ ಹೊಸದಾಗಿ ನರ್ಸರಿ ಶುರುವಾಗಿತ್ತು. ಗೋಡೆಯ ತುಂಬ ಆನೆ, ಮೊಲ, ಚಂದ್ರ. ಹದಿನೆಂಟು ಮಕ್ಕಳು, ಪಾಠ ಹೇಳಲು ಒಬ್ಬರು ಅಕ್ಕೋರು, ಒಬ್ಬಳು ಆಯಾ. ದಿನಕ್ಕೆ ನಾಲ್ಕು ತಾಸು. ಮೊದಲ ದಿನ ಸಾನ್ವಿ ಅಳಲಿಲ್ಲ. ಒಳಗೆ ಹೋಗಿ ಒಬ್ಬ ಹುಡುಗನ ಕೈಯಿಂದ ಚೆಂಡು ಕಸಿದುಕೊಂಡು ಕುಳಿತುಬಿಟ್ಟಳು. ಅತ್ತವನು ನಾನು. ಮೆಟ್ಟಿಲ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವಾಗ ಆಯಾ ನೀರು ತಂದುಕೊಟ್ಟು, "ಎರಡ ದಿನ ಹಿಂಗ ಆಕ್ಕೈತ್ರಿ ಕಾಕಾ, ಆಮ್ಯಾಲೆ ರೂಢಿ ಆಕ್ಕೈತಿ" ಅಂತ ಸಮಾಧಾನ ಮಾಡಿದಳು.

ಮೂರನೆಯ ದಿನ ಮೂಗು ಶುರುವಾಯಿತು.

ಇಲ್ಲಿ ನನ್ನ ವಿದ್ಯೆಯ ಬಗ್ಗೆ ಒಂದು ಮಾತು. ದನದ ಮೂಗು ಹಸಿಯಾಗಿದ್ದರೆ ಆರೋಗ್ಯ, ಒಣಗಿದರೆ ಜ್ವರ. ಇದು ನಮ್ಮ ವೃತ್ತಿಯ ಮೊದಲ ಪಾಠ. ಮೂವತ್ತನಾಲ್ಕು ವರ್ಷ ಎಷ್ಟು ಸಾವಿರ ಮೂಗು ಮುಟ್ಟಿ, "ಹಸಿ ಐತಿ, ಚಿಂತಿ ಇಲ್ಲ" ಅಂದಿದ್ದೇನೋ. ಕೈಗೆ ಆ ಚಟ ಹತ್ತಿಬಿಟ್ಟಿದೆ. ಆವತ್ತು ಸಾನ್ವಿಯ ಮೂಗಿಗೆ ಬೆರಳು ಹಚ್ಚಿ, ಹಸಿಯಾಗಿದ್ದನ್ನು ಕಂಡು, ಸಮಾಧಾನದಿಂದ ಚಹಾ ಕುಡಿಯಲು ಹೋದೆ. ಶಾಂತವ್ವ ಬಂದು ನೋಡುವ ಹೊತ್ತಿಗೆ ಮೂಗು ತುಟಿ ದಾಟಿ ಗದ್ದಕ್ಕೆ ಬಂದಿತ್ತು. "ಎಷ್ಟು ಆರೋಗ್ಯ ಐತಿ ನೋಡ್ರಿ ಕೂಸಿಗೆ" ಅಂತ ಅವಳು ಅಂದ ಮಾತನ್ನು ಇನ್ನೂ ಬಿಟ್ಟಿಲ್ಲ, ನೆಂಟರು ಬಂದಾಗಲೆಲ್ಲ ಹೇಳುತ್ತಾಳೆ. ಜ್ವರ ನೋಡೋಣವೆಂದು ನಾನು ಹಳೆಯ ಕಪಾಟಿನ ಕಡೆ ಹೊರಟಾಗ ಅವಳು ಅಡ್ಡ ನಿಂತು, ಆ ಥರ್ಮಾಮೀಟರ್ ಕೂಸಿನ ಹತ್ತಿರ ತಂದರೆ ತಾನು ಬೇಡಕಿಹಾಳದ ತವರಿಗೆ ಹೋಗುವುದಾಗಿ ಹೇಳಿದಳು. ಮರುದಿನ ಔಷಧದ ಅಂಗಡಿಯಿಂದ ಹೊಸದು ತಂದೆ.

ಅಲ್ಲಿಂದ ಮುಂದೆ ಮೂರು ತಿಂಗಳು ನಮ್ಮ ಮನೆಗೆ ಬಾರದ ಬೇನೆ ಇಲ್ಲ. ನೆಗಡಿ ಹೋಯಿತು ಅನ್ನುವಷ್ಟರಲ್ಲಿ ಕೆಮ್ಮು. ಕೆಮ್ಮು ಕಡಿಮೆಯಾಗುತ್ತಲೇ ಕಣ್ಣು ಬಂತು, ಬೆಳಿಗ್ಗೆ ರೆಪ್ಪೆ ಅಂಟಿ ಕಣ್ಣು ಬಿಡಲಾರದೆ ಕುಳಿತಳು. ಆಮೇಲೆ ಕಿವಿ. ಆಮೇಲೆ ಹೊಟ್ಟೆ, ಅದರ ವರ್ಣನೆ ಬೇಡ. ನರ್ಸರಿಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಎಂಟಕ್ಕೆ, 'ಇವತ್ತು ನಮ್ಮ ಪಾಪು ಬರಂಗಿಲ್ಲ' ಅಂತ ಯಾರೋ ಹಾಕಿದರೆ ನಾನು ಆ ಪಾಪು ಯಾರ ಬಾಜು ಕೂರುತ್ತಾನೆ, ಯಾರ ಡಬ್ಬಿಯೊಳಗೆ ಕೈ ಹಾಕುತ್ತಾನೆ ಎಂದು ಲೆಕ್ಕ ಹಾಕಿ, ನಮ್ಮ ಪಾಳಿ ಬುಧವಾರವೋ ಗುರುವಾರವೋ ಅಂತ ಹೇಳುತ್ತಿದ್ದೆ. ರೋಗ ಒಂದು ಹಟ್ಟಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಅಂತ ನೋಡುತ್ತಲೇ ಆಯುಷ್ಯ ಕಳೆದವನಿಗೆ ಇದೇನು ದೊಡ್ಡದಲ್ಲ. ಒಂದು ಸಲವೂ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

ನಮ್ಮ ಕಾಲದಲ್ಲಿ ಹೀಗಿತ್ತೇ ಅಂತ ನೀವು ಕೇಳಬಹುದು. ನಾನು ಹುಟ್ಟಿ ಆರು ವರ್ಷ ಬೆಳೆದದ್ದು ಭೋಜದಲ್ಲಿ, ಅಜ್ಜಿಯ ಮನೆಯಲ್ಲಿ. ಅಲ್ಲಿ ಆಗ ಎಲ್ಲಿ ನೋಡಿದರೂ ತಂಬಾಕು. ಹೊಲದಲ್ಲಿ ತಂಬಾಕು, ಅಂಗಳದಲ್ಲಿ ತಂಬಾಕು, ಅಟ್ಟದ ಮೇಲೆ ತಂಬಾಕು. ಒಣಗಿದ ಎಲೆ ಬಡಿದು ಚೀಲ ತುಂಬುವ ದಿನಗಳಲ್ಲಿ ಇಡೀ ಓಣಿಯೇ ಸೀನುತ್ತಿತ್ತು. ಮುದುಕರು, ಬಾಣಂತಿಯರು, ಪಾಠ ಹೇಳುವ ಮಾಸ್ತರರು, ಗುಡಿಯ ಪೂಜಾರಿ, ಎಲ್ಲರೂ. ಅಂಥ ಊರಲ್ಲಿ ಒಂದು ಕೂಸು ಸೀನಿದರೆ ಅದು ನೆಗಡಿ ಅಂತ ಯಾರು ತಿಳಿಯಬೇಕು? "ಘಾಟಿಗೆ ಸೀನಾಕತ್ತೈತಿ" ಅಂತ ಬಿಟ್ಟುಬಿಡುತ್ತಿದ್ದರು. ನನಗೆ ಬಾಲ್ಯದಲ್ಲಿ ಒಮ್ಮೆಯೂ ನೆಗಡಿ ಬಂದಿಲ್ಲ ಅಂತ ನಮ್ಮ ಅವ್ವ ಸಾಯುವ ತನಕ ಹೆಮ್ಮೆಯಿಂದ ಹೇಳುತ್ತಿದ್ದಳು.

ಹಾಗಂತ ಔಷಧ ತಪ್ಪಿರಲಿಲ್ಲ. ಅಜ್ಜಿ ದಿನಾ ಎರೆದ ಮೇಲೆ ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದಳು. ಕೆಂಡದ ಮೇಲೆ ಅಜವಾನ ಹಾಕಿ, ಆ ಹೊಗೆಯ ಮೇಲೆ ನನ್ನನ್ನು ಕಾಲು ಹಿಡಿದು ತೂಗುತ್ತಿದ್ದಳು. ಗೊಬ್ಬರ ಎದ್ದಾಗ, ಅದನ್ನು ಈಗ ದಡಾರ ಅನ್ನುತ್ತಾರೆ, ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಒಂಬತ್ತು ದಿನ ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲವಂತೆ. ಒಗ್ಗರಣೆ ಇಲ್ಲದ ಆ ಒಂಬತ್ತು ದಿನ ನನ್ನ ಸೋದರಮಾವ ಬೇಕಂತಲೇ ನೆಂಟರ ಮನೆ ತಿರುಗುತ್ತಿದ್ದನಂತೆ. ಸಾನ್ವಿಗೂ ಅಜವಾನದ ಹೊಗೆ ಹಾಕೋಣ ಅಂದೆ. ಸವಿತಾ ಮೊಬೈಲಿನಲ್ಲಿ ಏನೋ ಓದಿ, "ಹೊಗಿ ಎದಿಗೆ ಬರಾಬರ ಅಲ್ಲಂತ್ರಿ ಮಾವಾರ" ಅಂದಳು. ಬರಾಬರ ಅಲ್ಲ ಅಂದಮೇಲೆ ಬಿಟ್ಟೆ. ತಲೆಕೆಳಗಾಗಿ ತೂಗಿದ್ದರ ಪರಿಣಾಮ ನನ್ನ ಮೇಲೆ ಏನಾಗಿದೆ ಅಂತ ಶಾಂತವ್ವನನ್ನು ಕೇಳಬೇಕು.

ಇಷ್ಟು ಹೊತ್ತು ನಗುತ್ತಾ ಹೇಳಿದೆ. ಸವಿತಾಗೆ ಮಾತ್ರ ಇದು ನಗುವ ಮಾತಾಗಿರಲಿಲ್ಲ. ನೌಕರಿ ಇನ್ನೂ ಹೊಸದು, ಕಾಯಂ ಆಗಿರಲಿಲ್ಲ. ಮೊದಲ ಎರಡು ತಿಂಗಳಲ್ಲೇ ಕೂಸಿನ ಜ್ವರಕ್ಕೆಂದು ಐದು ರಜೆ ಹಾಕಿದ್ದಳು. ಡಿಪೋದಲ್ಲಿ ಸಾಹೇಬರು, "ಹಿಂಗಾದ್ರ ಹೆಂಗಮ್ಮಾ?" ಅಂದಿದ್ದರಂತೆ. ಅವರು ಬೈದಿರಲಿಲ್ಲ, ಆದರೂ ಅವಳ ಮನಸ್ಸಿಗೆ ಹತ್ತಿತು. ಒಂದು ಸಂಜೆ ಖಾಕಿ ಅಂಗಿಯಲ್ಲೇ ಕಟ್ಟೆಯ ಮೇಲೆ ಕುಳಿತು, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದಳು:

"ಮಾವಾರ, ಇನ್ನೊಮ್ಮಿ ಈಕಿಗೆ ಹಿಂಗಾದ್ರ ನಾ ನೌಕರಿ ಬಿಡ್ತೀನ್ರಿ. ಬಸ್ಸಿನಾಗ ನಿಂತ ಟಿಕೆಟ್ ಹರೀತೀನಿ, ಮನಸ ಎಲ್ಲಾ ಇಲ್ಲೇ ಇರ್ತೈತಿ. ನೀವು ನೋಡಂಗಿಲ್ಲ ಅಂತ ಅಲ್ರಿ. ಆದ್ರ ತಾಯಿಗೆ ಆದಷ್ಟು ಕಳವಳ ಬ್ಯಾರೆಯವ್ರಿಗೆ ಆಕ್ಕೈತೇನ್ರಿ?"

ನನಗೆ ಒಳಗೊಳಗೇ ಬಹಳ ಕೆಟ್ಟದೆನಿಸಿತು. ಈ ನೌಕರಿಗಾಗಿ ಅವಳು ಬಸಿರಿದ್ದಾಗಲೂ ಓದಿದ್ದನ್ನು ಕಂಡವನು ನಾನು. ನಾ ಅದೀನಿ ಅಂತ ಮಾತು ಕೊಟ್ಟವನೂ ನಾನೇ. ಅವಳು ಬಿಟ್ಟರೆ ಅದು ಅವಳ ಸೋಲಲ್ಲ, ನನ್ನದು.

ಆವತ್ತಿನಿಂದ ನಾನೊಂದು ಕಳ್ಳತನ ಶುರುಮಾಡಿದೆ. ಅವಳ ಬಸ್ಸು ಚಿಕ್ಕೋಡಿಯಿಂದ ಬೇಡಕಿಹಾಳಕ್ಕೆ ಹೋಗುವಾಗ ಮಧ್ಯಾಹ್ನ ಮೂರೂಕಾಲಿಗೆ ನಮ್ಮೂರ ಸ್ಟ್ಯಾಂಡಿನಲ್ಲಿ ಮೂರು ನಿಮಿಷ ನಿಲ್ಲುತ್ತದೆ. ದಿನಾ ಆ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಹೋಗಿ ತೋರಿಸುವುದು ರೂಢಿ. ಸಣ್ಣಪುಟ್ಟ ನೆಗಡಿ ಬಂದ ದಿನ ನಾನು ಬಸ್ಸಿನ ಹತ್ತಿರ ಹೋಗದೆ ಹಣ್ಣಿನ ಗಾಡಿಯ ಆಚೆ ನಿಂತು, ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸುತ್ತಿದ್ದೆ. ಅಷ್ಟು ದೂರದಿಂದ ಮೂಗು ಕಾಣುವುದಿಲ್ಲ. ಸಂಜೆ ಅವಳು ಬರುವ ಮೊದಲೇ ಬಿಸಿನೀರಲ್ಲಿ ಅರಿವೆ ಅದ್ದಿ ಮುಖ ಒರೆಸಿ, ಪೌಡರ್ ಹಚ್ಚಿ, ಕಾಡಿಗೆ ಇಟ್ಟು, ಮಾರಲು ಸಂತೆಗೆ ಒಯ್ಯುವ ಹೋರಿಯ ಹಾಗೆ ತಯಾರು ಮಾಡುತ್ತಿದ್ದೆ. ಹೀಗೆ ಮೂರು ನೆಗಡಿಗಳನ್ನು ಮುಚ್ಚಿಟ್ಟೆ. ಶಾಂತವ್ವನಿಗೆ ಗೊತ್ತಿತ್ತು. "ಸಿಕ್ಕಬೀಳ್ತೀರಿ" ಅಂದಳು, ಅಷ್ಟೇ.

ಒಂದು ಗುರುವಾರ ಬೆಳಿಗ್ಗೆ, ಸವಿತಾ ಡ್ಯೂಟಿಗೆ ಹೋದ ಮೇಲೆ, ಸಾನ್ವಿ ಎದ್ದಳು. ಹಾಲು ಬೇಡ ಅಂದಳು. ಜೊಲ್ಲು ಸುರಿಯುತ್ತಿತ್ತು. ಬಾಯಿ ತೆರೆಸಿ ನೋಡಿದೆ, ನಾಲಿಗೆಯ ಮೇಲೆ, ತುಟಿಯ ಒಳಗೆ ಗುಳ್ಳೆ. ಕೈ ಹಿಡಿದು ನೋಡಿದೆ, ಅಂಗೈಯಲ್ಲಿ ಗುಳ್ಳೆ. ಕೆಳಗಿಳಿಸಿದರೆ ಕಾಲು ಊರಲೊಲ್ಲಳು. ಪಾದ ಎತ್ತಿ ನೋಡಿದೆ. ಅಲ್ಲೂ.

ಬಾಯಲ್ಲಿ ಹುಣ್ಣು, ಜೊಲ್ಲು, ಮೇವು ಬಿಡುವುದು, ಕುಂಟುವುದು. ಇದನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ಕಾಲುಬಾಯಿ ಬೇನೆ. ಹಟ್ಟಿಗಟ್ಟಲೆ ದನಗಳಿಗೆ ಇದರ ಸೂಜಿ ಹಾಕಿದ ಕೈ ನನ್ನದು. ಹಿತ್ತಲಲ್ಲಿ ನಮ್ಮ ಎಮ್ಮೆ ಈದು ಒಂದೂವರೆ ತಿಂಗಳಾಗಿತ್ತು. ಸಾನ್ವಿ ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಆ ಕರುವಿನ ಮೂತಿಗೆ ಮುತ್ತು ಕೊಡುವವಳು. ಅಲ್ಲಿಗೆ ನನಗೆ ಎಲ್ಲ ತಿಳಿದುಹೋಯಿತು. ನರ್ಸರಿಯಿಂದ ಬಂದದ್ದನ್ನೆಲ್ಲ ತಡೆದುಕೊಂಡೆ, ಈಗ ನನ್ನ ಮನೆಯ ಹಿತ್ತಲಿನಿಂದಲೇ ರೋಗ ಬಂದು ಕೂಸಿಗೆ ಹತ್ತಿತಲ್ಲ.

ಈ ಬೇನೆ ಮನುಷ್ಯರಿಗೆ ಬರುವುದಿಲ್ಲ, ಅಂಜಬೇಡಿರಿ ಅಂತ ಊರೂರು ತಿರುಗಿ ಹೇಳಿದವನು ನಾನೇ. ಅದೇ ನೋಡ್ರಿ ಮಜಾ. ಆ ಹೊತ್ತಿನಲ್ಲಿ ಅದೊಂದು ಮಾತು ಬಿಟ್ಟು ಉಳಿದದ್ದೆಲ್ಲ ನೆನಪಿತ್ತು.

ಶಾಂತವ್ವ ಕೆಳಗಿನ ಹೊಲಕ್ಕೆ ಹೋಗಿದ್ದಳು. ಬಾಜೂ ಮನೆಯವರ ಕೈಗೆ ಕೂಸನ್ನು ಕೊಟ್ಟು, ನಾನು ಹಗ್ಗ ಬಿಚ್ಚಿ ಎಮ್ಮೆಯನ್ನೂ ಕರುವನ್ನೂ ಹೊಡೆದುಕೊಂಡು ಹೊರಟೆ. ಹಾಲು ಕೊಡುವ ಎಮ್ಮೆ. ಎರಡೂ ಹೊತ್ತಿಗೆ ಒಂಬತ್ತು ಲೀಟರ್. ಅದನ್ನು ತಮ್ಮನ ಕಬ್ಬಿನ ಗದ್ದೆಯ ಕೊನೆಗೆ, ಯಾವ ದನವೂ ಬಾರದ ಕಡೆ ಕಟ್ಟಿಹಾಕಿ ಬಂದೆ. ಅಂಗಳಕ್ಕೆಲ್ಲ ಸುಣ್ಣ ಚೆಲ್ಲಿದೆ. ರೋಗ ಹರಡದಿರಲಿ ಅಂತ ಬಾಗಿಲಿಗೆ ಅರಿವೆ ಒಗೆಯುವ ಸೋಡಾದ ನೀರು ಹೊಡೆದೆ. ಹೋಗಿ ಬರುವವರು ಕಾಲು ತೊಯಿಸಿಕೊಳ್ಳಲಿ ಅಂತ ಗೋಣಿಚೀಲ ನೆನೆಸಿ ಹಾಸಿದೆ. ಯಾರೋ, "ಯಾಕ್ರಿ ಕಾಕಾ?" ಅಂದರು. "ಕಾಲುಬಾಯಿ" ಅಂದೆ. ಕಂಪೌಂಡರನ ಬಾಯಿಂದ ಬಂದ ಮಾತು. ಅರ್ಧ ತಾಸಿನಲ್ಲಿ ಓಣಿಯ ಎಲ್ಲ ದನಗಳೂ ಒಳಗೆ ಹೋದವು.

ಆಮೇಲೆ ಕೂಸನ್ನು ಎತ್ತಿಕೊಂಡು ಸಿಕ್ಕ ಟೆಂಪೋ ಹತ್ತಿ ಚಿಕ್ಕೋಡಿಗೆ ಹೋದೆ. ಮಕ್ಕಳ ಡಾಕ್ಟರಮ್ಮ ಬಾಯಿ, ಅಂಗೈ, ಅಂಗಾಲು ನೋಡಿದರು. ನಾನು ರೋಗದ ಹೆಸರು ಹೇಳಿ, ಕರುವಿನ ಮುತ್ತಿನ ವಿಷಯ ಹೇಳಿ, ಎಮ್ಮೆಯನ್ನು ದೂರ ಕಟ್ಟಿಬಂದದ್ದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕುಳಿತರು.

"ಅಜ್ಜಾರ, ಇದು ಮಕ್ಕಳದು ಬ್ಯಾರೇನ ಐತ್ರಿ. ಮಕ್ಕಳಿಂದ ಮಕ್ಕಳಿಗೆ ಹತ್ತತೈತಿ. ನಿಮ್ಮೂರ ನರ್ಸರಿಯಿಂದನ ಈ ವಾರದಾಗ ಏಳು ಕೂಸು ಬಂದಾವ. ಎಮ್ಮಿಗೆ ಇದರ ಸಂಬಂಧ ಇಲ್ಲ. ತಣ್ಣಗಿಂದು ಏನರ ಉಣಸ್ರಿ, ನೀರು ಕುಡಸ್ರಿ, ಒಂದ ವಾರದಾಗ ತಾನ ಹೋಗ್ತೈತಿ."

"ಎಮ್ಮಿಗೆ ಏನೂ ಆಗಂಗಿಲ್ಲಲ್ರಿ?" ಅಂತ ಕೇಳಿದೆ. ಯಾಕೆ ಕೇಳಿದೆನೋ.

"ಎಮ್ಮಿ ಆರಾಮ ಇರ್ತೈತ್ರಿ" ಅಂದರು ಡಾಕ್ಟರಮ್ಮ.

ಸಂತೋಷಕ್ಕೆ ನಾನು ಅವರಿಗೆ ಎರಡು ಸಲ ನಮಸ್ಕಾರ ಮಾಡಿದೆ. ಅಲ್ಲೇ ಮೊಸರು ತೆಗೆದುಕೊಂಡು ಸಾನ್ವಿಗೆ ಚಮಚೆಯಿಂದ ತಿನ್ನಿಸಿದೆ. ನಾಲ್ಕು ಚಮಚೆ ತಿಂದಳು. ಊರಿಗೆ ಮರಳುವಾಗ ಒಂದೇ ಯೋಚನೆ. ಸವಿತಾಗೆ ಹೇಗೆ ಹೇಳುವುದು? ಈ ಸಲ ಪೌಡರ್ ಹಚ್ಚಿ ಮುಚ್ಚುವ ಹಾಗಿರಲಿಲ್ಲ. ಅವಳು 'ಇನ್ನೊಮ್ಮಿ ಹಿಂಗಾದ್ರ' ಅಂದಿದ್ದಳಲ್ಲ, ಆ ಇನ್ನೊಮ್ಮೆ ಇದೇ ಆಗಿತ್ತು.

ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ನಮ್ಮ ಕಡೆ ಸುದ್ದಿಗೆ ಪೇಪರ್ ಬೇಕಾಗಿಲ್ಲ. ಮೂರೂಕಾಲಿಗೆ ನಾನು ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಸ್ಸು ಬಂದು ನಿಂತಿತ್ತು. ಕಿಟಕಿಗೊಂದೊಂದು ಮುಖ, ಎಲ್ಲ ನನ್ನ ಕಡೆಗೇ. ಸವಿತಾ ಚೀಲ ಬಿಗಿಹಿಡಿದುಕೊಂಡು ಇಳಿದು ಬಂದಳು. ನಾನು ಆವತ್ತು ಹಣ್ಣಿನ ಗಾಡಿಯ ಆಚೆ ನಿಲ್ಲಲಿಲ್ಲ. ನೆಟ್ಟಗೆ ಹೋಗಿ ಕೂಸನ್ನು ಅವಳ ಮುಂದೆ ಹಿಡಿದೆ. ಅವಳು ಅಂಗೈ ನೋಡಿದಳು, ಪಾದ ನೋಡಿದಳು, ತಲೆಗೂದಲಲ್ಲಿ ಮುಖ ಇಟ್ಟಳು.

"ಡಾಕ್ಟರ್ ಏನಂದ್ರು ಮಾವಾರ?"

ಹೇಳಿದೆ. ಒಂದು ವಾರ ಅಂದದ್ದು, ಏಳು ಮಕ್ಕಳು ಅಂದದ್ದು, ಮೊಸರು ತಿಂದದ್ದು. ಬಾಯಿ ತೆರೆದದ್ದೇ ತಡ, ಉಳಿದದ್ದೂ ಬಂತು. "ಇನ್ನೂ ಮೂರ ಸಲ ನೆಗಡಿ ಬಂದಿತ್ತವಾ. ನಿನಗ ಹೇಳಲಿಲ್ಲ. ನೀ ನೌಕರಿ ಬಿಡ್ತಿ ಅಂತ ಅಂಜಿದೆ. ನಂದ ತಪ್ಪ."

"ಗೊತ್ತೈತ್ರಿ" ಅಂದಳು ಅವಳು. "ನಮ್ಮ ಮನ್ಯಾಗ ಸಂಜಿಮುಂದ ಯಾವ ಕೂಸು ಪೌಡರ್ ಹಚಗೊಂಡ ಕುಂಡ್ರತೈತ್ರಿ?"

ಡ್ರೈವರ್ ಒಮ್ಮೆ ಹಾರ್ನ್ ಹೊಡೆದ. ಅವಳು ತಿರುಗಿ ಕೈ ತೋರಿಸಿ ತಡಿ ಅಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

"ಎಮ್ಮಿ ಖರೇನ ಹೊರಗ ಹಾಕಿದ್ರೇನ್ರಿ ಮಾವಾರ? ಬಸ್ಸಿನಾಗ ಅಂದ್ರು, ನಾ ನಂಬಲಿಲ್ಲ."

"ಹೂನವಾ."

"ಹಾಲು ಕೊಡೂ ಎಮ್ಮಿ?"

"ಮತ್ತ ಕೂಸಿಗೆ ಅದರಿಂದನ ಬಂದೈತಿ ಅಂತ ತಿಳದ್ನಿ. ಅದನ್ನ ಹೆಂಗ ಇಟಗೊಳ್ಳಲಿ?"

ಅವಳು ನನ್ನ ಕಾಲಿನ ಕಡೆ ನೋಡಿದಳು. ನಾನೂ ನೋಡಿಕೊಂಡೆ. ಮೊಣಕಾಲಿನ ತನಕ ಸುಣ್ಣ, ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಶಾಂತವ್ವನದು. ಅದೇ ವೇಷದಲ್ಲಿ ಚಿಕ್ಕೋಡಿ ದವಾಖಾನೆಯಲ್ಲಿ ಕುಳಿತು ಬಂದಿದ್ದೆ.

ಸವಿತಾಳ ಕಣ್ಣು ತುಂಬಿದ್ದವು, ಆದರೆ ನಗುತ್ತಿದ್ದಳು. ಕಿಟಕಿಯಲ್ಲಿದ್ದ ಒಬ್ಬ ಮುದುಕಿ, "ಕಾಯ್ ಗಂ, ಕೂಸು ಆರಾಮ ಐತೇನ?" ಅಂತ ಮರಾಠಿ ಬೆರೆಸಿ ಕೇಳಿದಳು. ಸವಿತಾ ಆರಾಮ ಐತಿ ಅಂತ ತಲೆ ಆಡಿಸಿ, ಸೀಟಿ ಬಾಯಿಗಿಟ್ಟುಕೊಂಡು ಹೊರಟವಳು, ಮೆಟ್ಟಿಲ ಮೇಲೆ ಕಾಲಿಟ್ಟು ಮತ್ತೆ ತಿರುಗಿ ಸೀಟಿ ತೆಗೆದಳು.

"ಮಾವಾರ, ನಾಳಿಯಿಂದ ನನ್ನ ಕಾಗವಾಡ ಗಾಡಿಗೆ ಹಾಕ್ಯಾರ. ದೂರ ಆಕ್ಕೈತಿ ಅಂತ ಬ್ಯಾಡ ಅನ್ನಾವ್ಳಿದ್ದೆ. ಹೋಗ್ತೀನ್ರಿ. ಸಂಜಿಗೆ ಬರೂದು ತಡಾ ಆಕ್ಕೈತಿ, ಈಕಿಗೆ ನೀವ ಉಣಸ್ರಿ."